ಮುಲಾಮು ಮೀಮಾಂಸೆ: ನಿಗಡಿಯ ಚರ್ಮರೋಗಿಗಳ ವರ್ಗೀಕರಣ

ಶಾಸ್ತ್ರಗ್ರಂಥ ಎಂದಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಪಂಡಿತರು ಎರಡನೆಯ ಪುಟ ತಿರುವುವುದಿಲ್ಲ. ವಿಷಯ: ಸೋರಿಯಾಸಿಸ್, ಇಸುಬು ಮುಂತಾದ, ಬಂದರೆ ಹೋಗದ ಚರ್ಮರೋಗಗಳಿರುವವರು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಏನು ಮಾಡುತ್ತಾರೆ ಎಂಬುದು. ಪ್ರಯೋಜನ: ವಾದಗ್ರಸ್ತ. ಸಂಬಂಧ: ಊರ ಕಡೆಯಿಂದ ಬಂದವರನ್ನೆಲ್ಲ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದು, ಅವರ ಮರಾಠಿಯನ್ನು ಇವರಿಗೆ, ಇವರ ಕನ್ನಡವನ್ನು ಅವರಿಗೆ ದಾಟಿಸುವ ಕೆಲಸ ಗ್ರಂಥಕರ್ತನಿಗೆ ಗಂಟುಬಿದ್ದಿದೆ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹತೆ ಉಳ್ಳವರು: ಬೆಳಗ್ಗೆ ಎದ್ದು ಹಾಸಿಗೆಯ ಮೇಲಿನ ಹೊಟ್ಟನ್ನು ಯಾರ ಕಣ್ಣಿಗೂ ಬೀಳದಂತೆ ಕೊಡವಿದ ಪ್ರತಿಯೊಬ್ಬರೂ.

ಕ್ಷೇತ್ರನಿರ್ಣಯ. ಪುಣೆಯಿಂದ ಹಳೆಯ ಮುಂಬೈ ಹೆದ್ದಾರಿ ಹಿಡಿದು ಪಿಂಪ್ರಿ, ಚಿಂಚವಡ, ಆಕುರ್ಡಿ ದಾಟಿದರೆ ಶಿವಾಜಿ ಮಹಾರಾಜರು, ತುಕಾರಾಮರು ಭೇಟಿಯಾಗುವ ಭಕ್ತಿ-ಶಕ್ತಿ ಶಿಲ್ಪ ಕಾಣುತ್ತದೆ, ಅದೇ ನಿಗಡಿ. ಒಂದು ಕಡೆ ಪ್ರಾಧಿಕರಣದ ಅಚ್ಚುಕಟ್ಟಾದ ಸೆಕ್ಟರುಗಳು, ಇನ್ನೊಂದು ಕಡೆ ಯಮುನಾನಗರ, ಓಟಾ ಸ್ಕೀಮು, ಆಚೆಗೆ ತಳವಡೆ, ಚಿಖಲಿಯ ವರ್ಕ್‌ಶಾಪುಗಳು. ಇಲ್ಲಿ ಲೇತ್ ತಿರುಗಿಸುವವರಲ್ಲಿ, ಸೆಂಟ್ರಿಂಗ್ ಕಟ್ಟುವವರಲ್ಲಿ ವಿಜಯಪುರ, ಕಲಬುರಗಿ, ಬೀದರ, ಜತ್ತ, ಅಕ್ಕಲಕೋಟೆ ಕಡೆಯವರು ಬೇಕಾದಷ್ಟು. ಡಿಸೆಂಬರಿನ ಒಣಗಾಳಿ ಬೀಸಿತೆಂದರೆ ಇವರಲ್ಲಿ ಕೆಲವರ ಮೊಣಕೈ, ಮೊಣಕಾಲು, ನೆತ್ತಿ ಬಿಳಿಪೊರೆ ಕಟ್ಟುತ್ತವೆ. ನಾಲ್ಕು ವಾರ ತೆಗೆದುಕೊಂಡು ಹುಟ್ಟಿ, ಬಲಿತು, ಉದುರಬೇಕಾದ ಚರ್ಮ ನಾಲ್ಕೈದು ದಿನದಲ್ಲೇ ಎಲ್ಲವನ್ನೂ ಮುಗಿಸಲು ಹೊರಟರೆ ಹೀಗಾಗುತ್ತದೆ. ದೇಹದ ಕಾವಲುಪಡೆ ಶತ್ರುವಿಲ್ಲದೆಯೂ ಯುದ್ಧ ಹೂಡಿರುತ್ತದೆ.

ಪೂರ್ವಾಚಾರ್ಯರ ಮತ. ಚರಕರು ಕುಷ್ಠವನ್ನು, ಅಂದರೆ ಚರ್ಮರೋಗಗಳನ್ನು, ಹದಿನೆಂಟಾಗಿ ಒಡೆದರು: ಏಳು ಮಹಾಕುಷ್ಠ, ಹನ್ನೊಂದು ಕ್ಷುದ್ರಕುಷ್ಠ. ಈ ಕ್ಷುದ್ರರಲ್ಲಿ ಬೆವರದ, ಅಗಲವಾಗಿ ಹಬ್ಬುವ, ಮೀನಿನ ಪೊರೆಯಂಥ ಏಕಕುಷ್ಠವೇ ಇಂದಿನ ಸೋರಿಯಾಸಿಸ್ ಎಂದು ಕೆಲವರು, ಇಲ್ಲ ಕಿಟಿಭ ಎಂದು ಕೆಲವರು, ಜಗಳ ನಡೆದಿದೆ. ಲಂಡನ್ನಿನ ರಾಬರ್ಟ್ ವಿಲನ್ 1808ರ ತಮ್ಮ ಗ್ರಂಥದಲ್ಲಿ ಗುಳ್ಳೆ, ಹೊಟ್ಟು, ಕೀವು, ಕಲೆ ಎಂದು ಕಣ್ಣಿಗೆ ಕಂಡಂತೆ ಎಂಟು ಗಣ ಮಾಡಿದರು. 1841ರಲ್ಲಿ ವಿಯೆನ್ನಾದ ಹೆಬ್ರಾ, ಸೋರಿಯಾಸಿಸ್ಸಿಗೂ ಇಂದು ನಾವು ಕುಷ್ಠರೋಗ ಎನ್ನುವುದಕ್ಕೂ ಸಂಬಂಧವಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ಆ ಸುದ್ದಿ ಓಟಾ ಸ್ಕೀಮಿನ ಕಟಿಂಗ್ ಸಲೂನಿಗೆ ಇನ್ನೂ ತಲುಪಿಲ್ಲ. ಇರಲಿ. ರೋಗಗಳಿಗೆ ಇಷ್ಟೊಂದು ಗೂಡು ಮಾಡಿಟ್ಟ ಮಹನೀಯರು ರೋಗಿಗಳಿಗೆ ಒಂದನ್ನೂ ಮಾಡಲಿಲ್ಲ. ಶ್ರೀಮಂತ ದೇಶಗಳಲ್ಲೇ ದೀರ್ಘಕಾಲದ ರೋಗವಿರುವವರಲ್ಲಿ ಅರ್ಧದಷ್ಟು ಜನ ಮಾತ್ರ ಹೇಳಿದ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಬರೆಯಿತು. ಉಳಿದರ್ಧವನ್ನು ವರ್ಗೀಕರಿಸುವ ಭಾರ ಈ ಗ್ರಂಥದ ಮೇಲೆ ಬಿದ್ದಿದೆ.

ಇನ್ನು ಪ್ರಮಾಣವಿಚಾರ. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕನ್ನು ಒಪ್ಪುತ್ತಾರೆ. ಚರ್ಮದ ದವಾಖಾನೆಯಲ್ಲಿ ಶಬ್ದಕ್ಕೆ ಬೆಲೆ ತೀರ ಕಡಿಮೆ. “ಹಚ್ಚಿದಿ ಏನಪಾ?” ಎಂದರೆ “ದಿನಾ ಎರಡ್ ಸಲ ಹಚ್ಚೇನ್ರಿ” ಎಂಬುದೇ ಎಲ್ಲರ ಉತ್ತರ. ಇದನ್ನು ಪರೀಕ್ಷಿಸಲು ಅಮೆರಿಕದಲ್ಲಿ, ಮುಚ್ಚಳ ತೆರೆದಾಗಲೆಲ್ಲ ತಾರೀಖು, ಗಂಟೆ ಗುರುತು ಹಾಕಿಕೊಳ್ಳುವ ಎಲೆಕ್ಟ್ರಾನಿಕ್ ಮುಚ್ಚಳವನ್ನೇ ಮಾಡಿದರು. ರೋಗಿಗಳು ಡೈರಿಯಲ್ಲಿ ಬರೆದದ್ದಕ್ಕೂ ಮುಚ್ಚಳ ಹೇಳಿದ್ದಕ್ಕೂ ತಾಳೆಯಾಗಲಿಲ್ಲ. ನಿಗಡಿಯಲ್ಲಿ ಅಷ್ಟು ಖರ್ಚು ಬೇಕಿಲ್ಲ. ಟ್ಯೂಬನ್ನು ಮೇಜಿನ ಮೇಲೆ ಇಡಿಸಿದರೆ ಸಾಕು. ಬಾಲದಿಂದ ಮಡಿಚುತ್ತ ಬಂದದ್ದೋ, ನಡುವೆ ಹಿಚುಕಿದ್ದೋ, ಮೂತಿಯ ಸೀಲು ಒಡೆಯದೇ ಉಳಿದದ್ದೋ? ಮುಚ್ಚಳದ ಹಿಂಬದಿಯ ಮುಳ್ಳಿನಿಂದ ಆ ಸೀಲನ್ನು ಚುಚ್ಚಬೇಕೆಂದು ತಿಳಿಯದೆ, ಟ್ಯೂಬಿನಲ್ಲಿ ಔಷಧವೇ ಇಲ್ಲವೆಂದು ಬೈದುಕೊಂಡು ಇಟ್ಟವರೂ ಇದ್ದಾರೆ. ಆದ್ದರಿಂದ ಸೂತ್ರ: ಟ್ಯೂಬೇ ಪ್ರಮಾಣ.

ಮೊದಲ ವರ್ಗ ಲೇಶಲೇಪಿಗಳದು. ಸಾಸಿವೆಯಷ್ಟು ಮುಲಾಮು ತೆಗೆದು ಮೊಣಕಾಲಿನಿಂದ ಹಿಮ್ಮಡಿಯವರೆಗೆ ಎಳೆಯುತ್ತಾರೆ. ದೀಪಾವಳಿಗೆ ತಂದ 20 ಗ್ರಾಮಿನ ಟ್ಯೂಬು ಯುಗಾದಿಗೂ ಮುಗಿದಿರುವುದಿಲ್ಲ, ಮತ್ತು ಅದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ. ಎಷ್ಟು ಹಚ್ಚಬೇಕೆಂಬುದಕ್ಕೆ ವೇಲ್ಸಿನ ಕಾರ್ಡಿಫ್‌ನ ಲಾಂಗ್ ಮತ್ತು ಫಿನ್ಲೆ ಎಂಬ ವೈದ್ಯರು 1991ರಲ್ಲಿ ಒಂದು ಅಳತೆ ಕೊಟ್ಟರು: ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮು, ಅದು ಬೆರಳು ಸಮೇತ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಒಂದು ಕಾಲಿಗೆ, ಪಾದ ಬಿಟ್ಟು, ಇಂಥ ಆರು ಬೆರಳು. ಎರಡೂ ಕಾಲ ತುಂಬ ಇಸುಬು ಇದ್ದವನು ದಿನಕ್ಕೆ ಎರಡು ಬಾರಿ ಹಚ್ಚಿದರೆ ಹನ್ನೆರಡು ಗ್ರಾಮು. ಟ್ಯೂಬು ಎರಡು ದಿನವೂ ಬಾರದು. ಈ ಲೆಕ್ಕ ಕೇಳಿದ ಲೇಶಲೇಪಿಯೊಬ್ಬ ಬೆಂಚಿನಿಂದ ಎದ್ದೇ ಹೋದ. ಅವನ ಕಡೆಯಿಂದ ನೋಡಿದರೆ ಚೀಟಿಯಲ್ಲಿ ಟ್ಯೂಬಿನ ಹೆಸರಿತ್ತು, ‘ತೆಳ್ಳಗೆ ಹಚ್ಚಬೇಕು’ ಎಂದಿತ್ತು, ಎಷ್ಟು ದಿನಕ್ಕೆ ಎಷ್ಟು ಟ್ಯೂಬು ಎಂಬುದಿರಲಿಲ್ಲ. ತೆಳ್ಳಗೆ ಅಂದರೆ ಇನ್ನೆಷ್ಟು ತೆಳ್ಳಗೆ?

ಇದಕ್ಕೆ ನೇರ ವಿರುದ್ಧ ಅತಿಲೇಪಿ. ಸ್ಟಿರಾಯ್ಡ್ ಮುಲಾಮು ತುರಿಕೆಯನ್ನು ಎರಡೇ ದಿನದಲ್ಲಿ ಇಳಿಸುವುದರಿಂದ ಅವನಿಗೆ ಅದು ಸಂಜೀವಿನಿ. ಗಜಕರ್ಣಕ್ಕೂ ಅದೇ, ಮೊಡವೆಗೂ ಅದೇ, ಹೆಂಡತಿಯ ಮುಖ ಬೆಳ್ಳಗಾಗಲೂ ಅದೇ. ಗಜಕರ್ಣ ಶಿಲೀಂಧ್ರದ ರೋಗ. ಸ್ಟಿರಾಯ್ಡ್ ಅದನ್ನು ತಾತ್ಕಾಲಿಕವಾಗಿ ಮರೆಮಾಚಿ, ಒಳಗೊಳಗೇ ಸಾಕಿ ಬೆಳೆಸುತ್ತದೆ. ಮುಖದ ಚರ್ಮ ತೆಳುವಾಗಿ ಕೆಂಪುನರ ಎದ್ದುಕಾಣುತ್ತದೆ, ತೊಡೆಸಂದಿಯಲ್ಲಿ ಬಿರುಕುಗೆರೆ ಬೀಳುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ ಮುಲಾಮುಗಳನ್ನು ಶೆಡ್ಯೂಲ್ ‘ಎಚ್’ಗೆ ಸೇರಿಸಿ ಚೀಟಿಯಿಲ್ಲದೆ ಮಾರಕೂಡದೆಂದಿತು. ಕಾನೂನಿನ ಭಾಷ್ಯ ಕೌಂಟರಿನ ಆಚೆಬದಿಯಲ್ಲಿ ಬೇರೆಯೇ ಇರುತ್ತದೆ ಎಂದಷ್ಟೇ ಹೇಳಿ ಮುಂದೆ ಹೋಗೋಣ.

ಪೂರ್ವದಿನಲೇಪಿಗೆ ಹೆಚ್ಚು ವಿವರಣೆ ಬೇಡ: ಡಾಕ್ಟರ ಭೇಟಿಯ ಹಿಂದಿನ ರಾತ್ರಿ ಮೈತುಂಬ ಬಳಿದುಕೊಂಡು ಬಂದು, ಮಿರುಗುತ್ತ ಕೂರುತ್ತಾನೆ. ಎಲೆಕ್ಟ್ರಾನಿಕ್ ಮುಚ್ಚಳಗಳೂ ಇದನ್ನು ಕಂಡಿವೆ. ವಾರ ಕಳೆದಂತೆ ಕುಸಿದ ಬಳಕೆ ಭೇಟಿಯ ದಿನ ಹತ್ತಿರವಾದಾಗ ಮೇಲೇಳುತ್ತದೆ. ಇದನ್ನು ತಿಳಿದ ಜಾಣ ವೈದ್ಯರು ಹೊಸ ರೋಗಿಯನ್ನು ಎರಡು ತಿಂಗಳು ಬಿಟ್ಟು ಬಾ ಎನ್ನದೆ ಹತ್ತೇ ದಿನಕ್ಕೆ ಕರೆಯುತ್ತಾರೆ.

ಸಂಖ್ಯೆಯಲ್ಲಿ ಎಲ್ಲರಿಗಿಂತ ಮಿಗಿಲಾದವರು ಶಮನತ್ಯಾಗಿಗಳು. “ಆರಾಮ ಆತ್ರಿ, ಬಿಟ್ಟೆ” ಎಂಬುದು ಇವರ ಮಹಾವಾಕ್ಯ. ಆರು ವಾರ ಕಳೆದು ಮೊದಲಿಗಿಂತ ಜಾಸ್ತಿಯಾಗಿ ಬಂದಾಗ “ಆ ಡಾಕ್ಟರ ಔಷಧ ನಾಟಲಿಲ್ಲ” ಎಂಬುದು ಉಪವಾಕ್ಯ. ಪೂರ್ವಪಕ್ಷಿ ಕೇಳುತ್ತಾನೆ: ಇದು ದಡ್ಡತನವಲ್ಲವೇ? ಸಿದ್ಧಾಂತಿ: ಅಲ್ಲ. ನಿಗಡಿಯಿಂದ ಕೂಗಳತೆಯ ಪಿಂಪ್ರಿಯಲ್ಲಿ ಹಿಂದುಸ್ಥಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆ 1954ರಲ್ಲಿ ಎದ್ದು ದೇಶಕ್ಕೆ ಪೆನ್ಸಿಲಿನ್ ಕೊಟ್ಟಿತು. ಅಂದಿನಿಂದ ಇಲ್ಲಿಯವರ ಅನುಭವದಲ್ಲಿ ಔಷಧವೆಂದರೆ ಐದು ದಿನದ್ದು: ಜ್ವರ ಬಂತು, ಗುಳಿಗೆ ನುಂಗಿದರು, ಜ್ವರ ಬಿಟ್ಟಿತು, ಡ್ಯೂಟಿಗೆ ಹೋದರು. ರೋಗ ಕಾಣದಿದ್ದಾಗಲೂ ಔಷಧ ಮುಂದುವರಿಸುವುದು ಅವರು ಕಂಡ ನ್ಯಾಯಕ್ಕೆ ವಿರುದ್ಧ. ಇಸುಬು ಮೇಲೆ ಮಾಸಿದರೂ ಒಳಗೆ ಹೊಗೆಯಾಡುತ್ತಿರುತ್ತದೆ. ಅದೇ ಜಾಗಕ್ಕೆ ವಾರಕ್ಕೆ ಎರಡು ದಿನ ಮುಲಾಮು ಹಚ್ಚುತ್ತ ಬಂದರೆ ಮರುಕಳಿಕೆ ಕಡಿಮೆ ಎಂಬುದು ಈಗ ಸ್ಥಾಪಿತ ಪದ್ಧತಿ. ಆದರೆ ಇದನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ‘ಇದು ಪೂರ್ತಿ ಹೋಗುವ ರೋಗವಲ್ಲ, ಹತೋಟಿಯಲ್ಲಿ ಇಡುವ ರೋಗ’ ಎಂಬ ಮಾತನ್ನು, ರೋಗಿ ಇನ್ನೊಬ್ಬ ಡಾಕ್ಟರ ಹತ್ತಿರ ಹೋದಾನೆಂಬ ಅಂಜಿಕೆಗೆ, ಎಷ್ಟೋ ಮಂದಿ ಮೂರನೆಯ ಭೇಟಿಯವರೆಗೂ ಬಾಯಿಬಿಟ್ಟು ಹೇಳುವುದಿಲ್ಲ. ಆ ಮೂರನೆಯ ಭೇಟಿ ಬರುವುದೇ ಇಲ್ಲ.

ಪಥ್ಯಶೂರರು ರಸಿಕರ ಗಮನಕ್ಕೆ ಪಾತ್ರರು. ಔಷಧವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಚಾಚೂ ತಪ್ಪದೆ ಪಾಲಿಸುತ್ತಾರೆ. ಬದನೆಕಾಯಿ ನಂಜು, ಬಿಟ್ಟರು. ಶೇಂಗಾ ಪಿತ್ತ, ಬಿಟ್ಟರು. ವಿಜಯಪುರದವನು ಶೇಂಗಾ ಹಿಂಡಿ ಬಿಡುವುದೆಂದರೆ ಸಂನ್ಯಾಸಕ್ಕೆ ಸಮ. ಹಾಲು-ಮೀನು ಕೂಡದೆಂದು ಚರಕರೇ ವಿರುದ್ಧಾಹಾರದಲ್ಲಿ ಹೇಳಿದ್ದಾರೆಂದು ಪ್ರಮಾಣವಚನ ಬೇರೆ. ಸೋರಿಯಾಸಿಸ್ಸಿಗೆ ಬದನೆಕಾಯಿ ನಿರಪರಾಧಿ. ಅಪರಾಧಿಗಳು ಬೇರೆ ಇದ್ದಾರೆ: ಬೀಡಿ-ಸಿಗರೇಟು, ಸಂಜೆಯ ಕ್ವಾರ್ಟರ್, ಏರಿದ ಹೊಟ್ಟೆ. ತೂಕ ಇಳಿಸಿದ ದಪ್ಪಮೈಯವರಲ್ಲಿ ರೋಗವೂ ಇಳಿಯುತ್ತದೆ, ಔಷಧವೂ ಚೆನ್ನಾಗಿ ನಾಟುತ್ತದೆ. ಇದನ್ನು ಮರಾಠಿಯಿಂದ ಕನ್ನಡಕ್ಕೆ ದಾಟಿಸಿದಾಗ ಪಥ್ಯಶೂರನೊಬ್ಬ ನನ್ನತ್ತ ತಿರುಗಿ, “ಕ್ವಾರ್ಟರಿನ ಮಾತ ಅವ್ರಿಗೆ ಹೇಳಬ್ಯಾಡ್ರಿ ಕಾಕಾ, ಬೇಕಾದ್ರ ಬಟಾಟೀನೂ ಬಿಡ್ತೀನಿ” ಎಂದ.

ಸರ್ವವೈದ್ಯಸಮನ್ವಯಿ ಬೆಳಗ್ಗೆ ಇಂಗ್ಲಿಷ್ ಗುಳಿಗೆ, ಮಧ್ಯಾಹ್ನ ಸಾಬೂದಾನಿಯಂಥ ಹೋಮಿಯೋಪತಿ, ರಾತ್ರಿ ಊರಿನಿಂದ ಬಂದ ಬೂದುಬಣ್ಣದ ಪುಡಿ, ಬನದ ಹುಣ್ಣಿವೆಗೆ ಸವದತ್ತಿ. ಅಲ್ಲಿಯ ಎಲ್ಲಮ್ಮನಾದ ರೇಣುಕೆಗೆ ಕುಷ್ಠ ಬಂದು ಜೋಗುಳಬಾವಿಯ ಸ್ನಾನದಿಂದ ವಾಸಿಯಾಯಿತೆಂಬ ಕಥೆಯಿದೆ. ಎಲ್ಲಮ್ಮನ ಬಗ್ಗೆ ಈ ಗ್ರಂಥಕ್ಕೆ ತಕರಾರಿಲ್ಲ, ಬಾವಿಯ ನೀರು ಯಕೃತ್ತಿಗೆ ಏರುವುದಿಲ್ಲ. ತಕರಾರು ಇರುವುದು ಹೆಸರಿಲ್ಲದ ಪುಡಿಯ ಬಗ್ಗೆ. ಅದರಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಹದಿನೈದು ದಿನ ಪವಾಡ ನಡೆದು, ಪುಡಿ ಮುಗಿದ ವಾರ ಮೈಯೆಲ್ಲ ಕೆಂಪೇರಿ, ಕೀವುಗುಳ್ಳೆ ಎದ್ದು ಆಸ್ಪತ್ರೆಗೆ ಸೇರಬೇಕಾಗುತ್ತದೆ. ಹಾಗಂತ ಹಳೆಯದನ್ನೆಲ್ಲ ನಗುವಂತಿಲ್ಲ. ಬ್ರೆಜಿಲ್ ದೇಶದ ಮರವೊಂದರ ತಿರುಳಿನ ಪುಡಿ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಬಂದು, ‘ಗೋವಾ ಪೌಡರ್’ ಎಂದು ಗಜಕರ್ಣಕ್ಕೆ ಹಚ್ಚಲ್ಪಡುತ್ತಿತ್ತು. 1870ರ ದಶಕದಲ್ಲಿ ಲಂಡನ್ನಿನ ಬಲ್ಮಾನೊ ಸ್ಕ್ವಾಯರ್ ಎಂಬ ವೈದ್ಯರು, ಗಜಕರ್ಣವೆಂದು ತಪ್ಪು ತಿಳಿದು ಸೋರಿಯಾಸಿಸ್ಸಿಗೆ ಅದನ್ನು ಹಚ್ಚಿದಾಗ ಗುಣ ಕಂಡದ್ದನ್ನು ಗಮನಿಸಿದರು. ಅದರ ರಾಸಾಯನಿಕ ಸಂತಾನವೇ ಡಿತ್ರನಾಲ್, ಮುಂದೆ ದಶಕಗಟ್ಟಲೆ ಆಸ್ಪತ್ರೆಗಳು ನೆಚ್ಚಿದ ಮುಲಾಮು. ಅಂಗಿ, ಹಾಸಿಗೆ, ಬಾತ್‌ರೂಮಿನ ಫರಶಿ ಎಲ್ಲಕ್ಕೂ ಕಂದುಕಲೆ ಬಿಡುತ್ತದೆ ಎಂಬುದು ಅದರ ಒಂದು ದೋಷ.

ವಾರಭ್ರಾಂತರ ವಿಷಯದಲ್ಲಿ ತಮಾಷೆ ಸ್ವಲ್ಪ ಕಡಿಮೆ ಮಾಡಬೇಕು. ಮೆಥೊಟ್ರೆಕ್ಸೇಟ್ ಗುಳಿಗೆ ಸೋರಿಯಾಸಿಸ್ಸಿಗೆ ಹಳೆಯ, ಅಗ್ಗದ, ಒಳ್ಳೆಯ ಔಷಧ. ಅದು ಹುಟ್ಟಿದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ, ಭೀಮಾವರಂನ ಯಲ್ಲಾಪ್ರಗಡ ಸುಬ್ಬರಾವ್ ಮುಂದಾಳತ್ವದ ಸಂಶೋಧನೆಯಿಂದ. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಗುಳಿಗೆಯೆಂದರೆ ದಿನಾ ನುಂಗುವುದೆಂಬ ರೂಢಿಯಲ್ಲಿ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ಮೂಳೆಮಜ್ಜೆ ಸೋತು, ಜೀವಕ್ಕೇ ಬರುತ್ತದೆ. ಆದ್ದರಿಂದ ಯಾವ ವಾರ ಎಂಬುದನ್ನು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿಕೊಳ್ಳಬೇಕು. ಪುಸ್ತಕ ಓದಿದವರು ‘ಭಾನುವಾರ’ ಎಂದು ಬರೆಯುತ್ತಾರೆ. ಆದರೆ ಈ ಕೈಗಾರಿಕಾ ಪಟ್ಟಿಯ ಎಷ್ಟೋ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಗುಳಿಗೆಯ ಮರುದಿನ ಹೊಟ್ಟೆ ತೊಳಸಿ ಮೈಸೋತು ಬರುತ್ತದೆ. ಭಾನುವಾರ ರಾತ್ರಿ ನುಂಗಿದವನು ಸೋಮವಾರ ಮಷಿನ್ನಿನ ಮುಂದೆ ವಾಕರಿಸುತ್ತ ನಿಂತಿರುತ್ತಾನೆ, ಮೂರನೆಯ ವಾರ ಗುಳಿಗೆ ಬಿಡುತ್ತಾನೆ. ಇದನ್ನು ಕೇಳಿ ತಿಳಿದುಕೊಂಡ ನಮ್ಮ ಡಾಕ್ಟರು ಈಗ ಇಲ್ಲಿಯವರಿಗೆಲ್ಲ ‘ಬುಧವಾರ ರಾತ್ರಿ, ಊಟದ ನಂತರ’ ಎಂದು ಬರೆಯುತ್ತಾರೆ. ಫೋಲಿಕ್ ಆ್ಯಸಿಡ್ ಬೇರೆ ದಿನ. ನನ್ನ ಮಟ್ಟಿಗೆ ಈ ಗ್ರಂಥದಲ್ಲಿ ಉಳಿಸಿಕೊಳ್ಳಬೇಕಾದ ಸಂಶೋಧನೆ ಅದೊಂದೇ.

ಈಗ ಏಕಾಕಿಪೃಷ್ಠರು. ಸಂಸ್ಕೃತ ಭಾರವಾಯಿತು, ಬೆನ್ನಿಗೆ ಹಚ್ಚಲು ಯಾರೂ ಇಲ್ಲದವರು ಎಂದರ್ಥ. ಹೆಂಡತಿ-ಮಕ್ಕಳು ಇಂಡಿಯಲ್ಲೋ ಆಳಂದದಲ್ಲೋ. ಇವನು ಯಮುನಾನಗರದ ಹಿಂಬದಿ ಒಂದು ಖೋಲಿಯಲ್ಲಿ, ಐದಾರು ಜನರ ಜತೆ, ಪಾಳಿಯ ಮೇಲೆ ಮಲಗುತ್ತಾನೆ. ಚೀಟಿ ಹೇಳುತ್ತದೆ: ಸ್ನಾನವಾದ ಮೂರು ನಿಮಿಷದೊಳಗೆ, ಮೈ ಹಸಿಯಿದ್ದಾಗಲೇ, ಎಣ್ಣೆ ಅಥವಾ ಮಾಯಿಶ್ಚರೈಸರ್, ರಾತ್ರಿ ಬೆನ್ನು ಪೂರ್ತಿ ಮುಲಾಮು, ಮೇಲೆ ಹತ್ತಿಯ ಬನಿಯನ್ನು. ಸ್ನಾನದಮನೆಯ ಹೊರಗೆ ನಾಲ್ಕು ಜನ ಬಕೆಟ್ ಹಿಡಿದು ನಿಂತಿರುವಾಗ ಆ ಮೂರು ನಿಮಿಷ ಎಲ್ಲಿಂದ ತರಬೇಕು? ಬೆನ್ನು ತೋರಿಸಿ ‘ಹಚ್ಚೋ ತಮ್ಮಾ’ ಅಂದರೆ ‘ಅಂಟುತ್ತೇನೋ’ ಎಂಬ ಪ್ರಶ್ನೆ ಖೋಲಿಯಲ್ಲಿ ಹುಟ್ಟುತ್ತದೆ. ಹುಟ್ಟಿದ ಮೇಲೆ ಹಾಸಿಗೆ ಬೇರೆಯಾಗುತ್ತದೆ, ಲೋಟ ಬೇರೆಯಾಗುತ್ತದೆ. ಅಂಟುವುದಿಲ್ಲ ಎಂದು ಹೆಬ್ರಾ ಬಂದು ಹೇಳಿದರೂ ನಡೆಯದು. ಹಾಗಾಗಿ ಅವನು ಕೈ ನಿಲುಕುವ ಮೊಣಕೈಗಷ್ಟೇ ಹಚ್ಚುತ್ತಾನೆ. ಡಾಕ್ಟರ ದಾಖಲೆಯಲ್ಲಿ ‘ಚಿಕಿತ್ಸೆಗೆ ಸಹಕರಿಸುತ್ತಿಲ್ಲ’.

ಈ ವರ್ಗದ ಒಬ್ಬ ಗವಂಡಿ ಉಪಾಯ ತೆಗೆದ. ಉದ್ದ ಹಿಡಿಯ ಸೌಟಿನ ಬೆನ್ನಿಗೆ ಹಾಲಿನ ಪಾಕೀಟಿನ ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಅದಕ್ಕೆ ಮುಲಾಮು ಹಿಂಡಿ, ಗಿಲಾಯಿ ಮಾಡುವ ಪಳಗಿದ ಕೈಯಿಂದ ಭುಜದ ಮೇಲಿಂದ ಇಳಿಸಿ ಸಮನಾಗಿ ಎಳೆದ. ಒಂದು ತಿಂಗಳಲ್ಲಿ ಬೆನ್ನು ನುಣುಪಾಯಿತು. ಡಾಕ್ಟರು ಸೌಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಮುಂದಿನ ರೋಗಿಗೆ ಚೀಟಿ ಬರೆಯುವಾಗ ಮೊದಲು ಕೇಳಿದ್ದು, “ಮನೆಯಲ್ಲಿ ಜತೆಗೆ ಯಾರಿದ್ದಾರೆ?”

ಗೂಢಲೇಪಿನಿಯರು ಇದಕ್ಕೆ ಸಮೀಪದ ವರ್ಗ. ಹೊಸದಾಗಿ ಮದುವೆಯಾಗಿ ಬಂದವರು. ಟ್ಯೂಬು ಸೀರೆಮಡಿಕೆಯ ಕೆಳಗಿರುತ್ತದೆ, ಹಚ್ಚುವ ವೇಳೆ ಅತ್ತೆಯ ಮಧ್ಯಾಹ್ನದ ನಿದ್ದೆಯನ್ನು ಅವಲಂಬಿಸಿದೆ. ಅತ್ತೆ ನಿದ್ದೆ ಬಿಟ್ಟ ದಿನ ಚಿಕಿತ್ಸೆ ಇಲ್ಲ. ಗರ್ಭಿಣಿಯಾಗುವ ಆಲೋಚನೆ ಇದ್ದರೆ ಮೆಥೊಟ್ರೆಕ್ಸೇಟ್ ನಿಷಿದ್ಧ ಎಂಬುದನ್ನು ಇವರಿಗೆ ಒಬ್ಬರನ್ನೇ ಕೂರಿಸಿ ಹೇಳಬೇಕು, ನನ್ನಂಥ ದುಭಾಷಿಯನ್ನು ಹೊರಗೆ ಕಳಿಸಿ.

ವೃತ್ತಿಬದ್ಧರಿಗೆ ಚೀಟಿಯ ಮೊದಲ ಸಾಲೇ ಅಸಾಧ್ಯ: ‘ಅದನ್ನು ಮುಟ್ಟಬೇಡಿ’. ಸಿಎನ್‌ಸಿ ಮಷಿನ್ನಿನವನಿಗೆ ಅದು ಕೂಲಂಟು, ಗವಂಡಿಗೆ ಸಿಮೆಂಟಿನ ಕ್ರೋಮಿಯಂ, ಹೂವಾಡಗಿತ್ತಿಗೆ ಸೇವಂತಿಗೆ. ಸೇವಂತಿಗೆಯ ಹೆಸರು ಇಲ್ಲಿ ಬರಲು ಕಾರಣ ಅದರ ದೂರದ ಬಂಧು. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಒಂದು ವಿದೇಶಿ ಕಳೆಯನ್ನು ಸಸ್ಯಶಾಸ್ತ್ರಜ್ಞರು ಗುರುತಿಸಿದರು; ಅಮೆರಿಕದ ಗೋದಿಯೊಡನೆ ಬಂತೆಂಬ ನಂಬಿಕೆಯಿದೆ. ಅದೇ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ, ಇವರ ಗಾಜರ ಗವತ. ಪುಣೆಯಿಂದ ಹೊರಟು ಕರ್ನಾಟಕದ ಬದುಗಳನ್ನೆಲ್ಲ ಆಕ್ರಮಿಸಿತು. ಅದನ್ನು ತಿನ್ನಿಸಲು ಮೆಕ್ಸಿಕೋದ ಜೀರುಂಡೆಯನ್ನು ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಜೀರುಂಡೆ ತಿನ್ನುತ್ತಿದೆ, ಗಿಡ ಬೆಳೆಯುತ್ತಿದೆ. ಅದರ ಪುಡಿ ಗಾಳಿಯಲ್ಲಿ ಬಂದು ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈಮಡಿಕೆಗಳಲ್ಲಿ ಇಸುಬು ಎಬ್ಬಿಸುತ್ತದೆ. ಒಮ್ಮೆ ಒಗ್ಗದಾದರೆ ವರ್ಷಗಟ್ಟಲೆ ಬಿಡದು, ಆಜಥಯೋಪ್ರಿನ್‌ನಂಥ ಗುಳಿಗೆ ಬೇಕಾಗುತ್ತದೆ. ಇದು ಒಗ್ಗದವರಿಗೆ ಕೆಲವೊಮ್ಮೆ ಅದೇ ಸಸ್ಯಕುಟುಂಬದ ಸೇವಂತಿಗೆಯೂ ಒಗ್ಗದು. ಗಾಳಿಯನ್ನು ಮುಟ್ಟಬೇಡ ಎಂದು ಚೀಟಿ ಬರೆಯುವುದು ಹೇಗೆ? ಕೊನೆಗೆ ಇತ್ಯರ್ಥವಾದದ್ದು ಇಷ್ಟು: ಹೊರಗೆ ಹೋಗುವಾಗ ತುಂಬುತೋಳಿನ ಅಂಗಿ, ಬಂದಕೂಡಲೇ ಮುಖ ತೊಳೆಯುವುದು, ಒಗೆದ ಬಟ್ಟೆಯನ್ನು ಖಾಲಿ ಪ್ಲಾಟಿನ ಕಡೆ ಒಣಹಾಕದಿರುವುದು.

ಇಂಜೆಕ್ಷನ್ನಿಗಳು ಎಂಬ ವರ್ಗವನ್ನು ಗ್ರಂಥವಿಸ್ತಾರದ ಭಯದಿಂದಲ್ಲ, ಬಡತನದಿಂದ ಚಿಕ್ಕದು ಮಾಡಿದೆ. ಬೆಂಗಳೂರಿನ ಬಯೋಕಾನ್ 2013ರಲ್ಲಿ ಸೋರಿಯಾಸಿಸ್ಸಿಗೆಂದು ಇಟೊಲಿಜುಮ್ಯಾಬ್ ತಂದಿತು. ಆಮೇಲೆ ಇನ್ನೂ ಹರಿತವಾದ ಬಯಾಲಜಿಕ್‌ಗಳು ಬಂದವು. ಓಟಾ ಸ್ಕೀಮಿನಲ್ಲಿ ಬೆಲೆ ಕೇಳಿದವರಿದ್ದಾರೆ.

ಕೊನೆಗೆ ಅಪವಾದ ಪ್ರಕರಣ. ಯಾವ ವರ್ಗಕ್ಕೂ ಸೇರದವರೊಬ್ಬರು ಬಂದರು. ಕಂಪನಿಯಿಂದ ನಿವೃತ್ತರಾಗಿ ಪ್ರಾಧಿಕರಣದಲ್ಲಿರುವ ಬಾಗಲಕೋಟೆ ಕಡೆಯ ಹಿರಿಯರು. ಬೆರಳಳತೆ ತಪ್ಪಿಸಿಲ್ಲ, ಬುಧವಾರ ತಪ್ಪಿಸಿಲ್ಲ, ಬೀಡಿ ಇಲ್ಲ, ಬೆನ್ನಿಗೆ ಹಚ್ಚಲು ಅಮ್ಮನವರಿದ್ದಾರೆ. ಬಾಲದಿಂದ ಮಡಿಚಿದ ಖಾಲಿ ಟ್ಯೂಬುಗಳನ್ನು ಕೈಚೀಲದಿಂದ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ಆದರೂ ಮೈತುಂಬ ಪೊರೆ. ಸೂತ್ರ ಬಿದ್ದುಹೋಗುವ ಹಾಗಾಯಿತು. ಡಾಕ್ಟರು ಟ್ಯೂಬುಗಳನ್ನು ಬದಿಗೆ ಸರಿಸಿ, ಚೀಲದ ತಳದಲ್ಲಿ ಇನ್ನೇನಿದೆ ಎಂದು ಕೇಳಿದರು. ಬೇರೆ ಡಾಕ್ಟರು ಕೊಟ್ಟ ಬಿಪಿ ಗುಳಿಗೆಯ ಪಟ್ಟಿ ಹೊರಬಂತು. ಬೀಟಾ ಬ್ಲಾಕರ್ ಜಾತಿಯದು. ಸೋರಿಯಾಸಿಸ್ಸನ್ನು ಕೆರಳಿಸುವ ಔಷಧಗಳ ಪಟ್ಟಿಯಲ್ಲಿ ಅದೂ ಇದೆ, ಲಿಥಿಯಂ, ಮಲೇರಿಯಾದ ಗುಳಿಗೆಗಳ ಜತೆ. ಅದನ್ನೂ ಹಿರಿಯರು ಒಂದು ದಿನ ತಪ್ಪಿಸಿರಲಿಲ್ಲ. “ತಾವಾಗಿ ನಿಲ್ಲಿಸಬೇಡಿ, ಎದೆಗೆ ಅಪಾಯ” ಎಂದು ಎರಡು ಸಲ ಹೇಳಿ, ಗುಳಿಗೆ ಬದಲಿಸಲಾದೀತೇ ಎಂದು ಬಿಪಿ ಡಾಕ್ಟರಿಗೆ ಒಂದು ಚೀಟಿ ಬರೆದರು. ಹಿರಿಯರು ಟ್ಯೂಬುಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡು, “ಇವನ್ನೇನು ಮಾಡ್ಲಿ?” ಎಂದು ನನ್ನನ್ನು ಕೇಳಿದರು. ಹಚ್ಚುತ್ತಲೇ ಇರಿ ಎಂದೆ, ಡಾಕ್ಟರು ಹೇಳುವ ಮೊದಲೇ.